ಶ್ರವಣ ದೋಷವುಳ್ಳ ಹಿರಿಯರು ಟಿ.ವಿ. ವೀಕ್ಷಿಸಲು ನೆರವು: ಕುಟುಂಬದವರಿಗೆ ಮಾಹಿತಿ

ವಯಸ್ಸಾದಂತೆ ಕಿವಿ ಮಂದವಾದ ಹಿರಿಯರಿರುವ ಮನೆಗಳಲ್ಲಿ ಟಿ.ವಿ.ಯ ಧ್ವನಿಯ ವಿಷಯವಾಗಿ ದಿನವೂ ಮಾತು ಬೆಳೆಯುವುದುಂಟು. ಹಿರಿಯರಿಗೆ ಕೇಳಿಸುವಷ್ಟು ಧ್ವನಿ ಏರಿಸಿದರೆ ಮಕ್ಕಳ ಓದಿಗೂ ನೆರೆಮನೆಯವರಿಗೂ ತೊಂದರೆಯಾಗುತ್ತದೆ. ಇಳಿಸಿದರೆ ಹಿರಿಯರಿಗೆ ಏನೂ ತಿಳಿಯುವುದಿಲ್ಲ. ಕೆಲವು ತಿಂಗಳು ಹೀಗೆ ಕಳೆದ ನಂತರ, ಸಂಜೆ ಎಲ್ಲರೂ ಕೂಡಿ ಕೂರುವ ಹೊತ್ತಿಗೆ ಹಿರಿಯರು ತಾವಾಗಿಯೇ ಎದ್ದು ಒಳಕೋಣೆಗೆ ಹೋಗತೊಡಗುತ್ತಾರೆ. ಅವರಿಗೆ ಈಗ ಧಾರಾವಾಹಿಯಲ್ಲಾಗಲಿ ವಾರ್ತೆಯಲ್ಲಾಗಲಿ ಆಸಕ್ತಿಯಿಲ್ಲವೆಂದು ಮನೆಯವರು ತಿಳಿಯುತ್ತಾರೆ. ಅನೇಕ ವೇಳೆ ಅದು ನಿಜವಾಗಿರುವುದಿಲ್ಲ. ಅರ್ಥವಾಗದ ಮಾತಿನ ಮುಂದೆ ಗಂಟೆಗಟ್ಟಲೆ ಕುಳಿತಿರುವುದು ಯಾರಿಗಾದರೂ ಆಯಾಸಕರ. ಅದಕ್ಕಿಂತ ಏಕಾಂತವೇ ಲೇಸೆಂದು ಅವರು ಆರಿಸಿಕೊಂಡಿರುತ್ತಾರೆ.

ಇಂತಹ ಹಿರಿಯರಿಗೆ ಖರ್ಚಿಲ್ಲದೆ ಮನೆಯಲ್ಲಿಯೇ ಮಾಡಿಕೊಡಬಹುದಾದ ಅನುಕೂಲಗಳು, ಟಿ.ವಿ.ಗೆ ಜೋಡಿಸಬಹುದಾದ ಉಪಕರಣಗಳು ಹಾಗೂ ಸರ್ಕಾರದ ಯೋಜನೆಗಳಡಿ ಶ್ರವಣ ಸಾಧನ ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಧ್ವನಿ ಏರಿಸಿದರೂ ಮಾತು ಏಕೆ ತಿಳಿಯುವುದಿಲ್ಲ?

ವಯೋಸಹಜ ಶ್ರವಣ ದೋಷವು ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಮೊದಲು ಕುಂದುವುದು ತಾರಸ್ಥಾಯಿಯ, ಅಂದರೆ ಹೆಚ್ಚು ಕಂಪನಾಂಕದ ಶಬ್ದಗಳನ್ನು ಕೇಳುವ ಶಕ್ತಿ. ಮಾತಿನಲ್ಲಿ ಸ್ವರಗಳು ಬಲವಾಗಿಯೂ ಮಂದ್ರವಾಗಿಯೂ ಇರುತ್ತವೆ. ಸ, ಶ, ಚ, ತ, ಪ, ಕ ಮುಂತಾದ ವ್ಯಂಜನಗಳು ಕ್ಷೀಣವಾಗಿಯೂ ತಾರಸ್ಥಾಯಿಯಲ್ಲಿಯೂ ಇರುತ್ತವೆ. ಆದ್ದರಿಂದ ಸ್ವರ ಕೇಳಿಸುತ್ತದೆ, ವ್ಯಂಜನ ಜಾರಿಹೋಗುತ್ತದೆ. ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಎಂಬ ನಾಲ್ಕು ಪದಗಳನ್ನು ತೆಗೆದುಕೊಂಡರೆ, ಇಂತಹ ಕಿವಿಗೆ ನಾಲ್ಕೂ ಬಹುತೇಕ ಒಂದೇ ಆಗಿ ಕೇಳಿಸುತ್ತವೆ. ಧಾರಾವಾಹಿಯ ಪಾತ್ರವೊಂದು ಹಾಲು ಕೇಳಿತೋ ಆಸ್ತಿಯಲ್ಲಿ ಪಾಲು ಕೇಳಿತೋ ಎಂಬುದನ್ನು ಹಿರಿಯರು ಸನ್ನಿವೇಶದಿಂದ ಊಹಿಸಿಕೊಳ್ಳಬೇಕಾಗುತ್ತದೆ. ‘ಶಬ್ದ ಕೇಳಿಸುತ್ತದೆ, ಏನು ಹೇಳುತ್ತಾರೆಂದು ತಿಳಿಯುವುದಿಲ್ಲ’ ಎಂದು ಅವರು ಹೇಳಿದರೆ ಆ ಮಾತು ಅಕ್ಷರಶಃ ಸತ್ಯ.

ಟಿ.ವಿ.ಯ ಧ್ವನಿ ಏರಿಸಿದಾಗ ವ್ಯಂಜನಗಳ ಜೊತೆಗೆ ಸ್ವರಗಳೂ, ಹಿನ್ನೆಲೆ ಸಂಗೀತವೂ, ಕೋಣೆಯ ಪ್ರತಿಧ್ವನಿಯೂ ಏರುತ್ತವೆ. ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಅಷ್ಟಾಗಿ ಹೆಚ್ಚುವುದಿಲ್ಲ. ಇದರ ಜೊತೆಗೆ ಒಳಕಿವಿಯ ದೋಷವಿರುವವರಲ್ಲಿ ಇನ್ನೊಂದು ಲಕ್ಷಣವಿದೆ. ಸಣ್ಣ ಶಬ್ದ ಕೇಳಿಸುವುದೇ ಇಲ್ಲ; ಸ್ವಲ್ಪ ದೊಡ್ಡದಾದ ಕೂಡಲೇ ಅದು ಅಸಹನೀಯವಾಗುತ್ತದೆ. ಈಗ ತಾನೆ ‘ಜೋರಾಗಿ ಹೇಳು’ ಎಂದವರು ಮರುಕ್ಷಣ ‘ಕಿರುಚಬೇಡ’ ಎನ್ನುವುದು ಹಠದಿಂದಲ್ಲ. ಅದು ಕಿವಿಯ ಸ್ಥಿತಿ.

ದೂರದ ಪ್ರಭಾವವೂ ಗಮನಾರ್ಹ. ತೆರೆದ ಸ್ಥಳದಲ್ಲಿ ಶಬ್ದದ ಮೂಲದಿಂದ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳಿಂದ ಮರಳಿ ಬರುವ ಶಬ್ದ ಸೇರುವುದರಿಂದ ಇಳಿಕೆ ಅಷ್ಟಿರದು. ಆದರೆ ಮರಳಿ ಬಂದ ಶಬ್ದವು ನೇರ ಶಬ್ದವನ್ನು ಕಲಸಿಬಿಡುತ್ತದೆ. ಹೀಗಾಗಿ ಪರಿಹಾರವಿರುವುದು ಧ್ವನಿಯನ್ನು ದೊಡ್ಡದು ಮಾಡುವುದಕ್ಕಿಂತ ಹೆಚ್ಚಾಗಿ, ಅದನ್ನು ಸ್ಪಷ್ಟಗೊಳಿಸಿ ಕಿವಿಯ ಹತ್ತಿರಕ್ಕೆ ತರುವುದರಲ್ಲಿ.

ಮೊದಲು ಕಿವಿಯ ತಪಾಸಣೆ

ಯಾವುದೇ ಉಪಕರಣ ಕೊಳ್ಳುವ ಮುನ್ನ ಕಿವಿಯನ್ನು ವೈದ್ಯರಿಗೆ ತೋರಿಸತಕ್ಕದ್ದು. ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿಕೊಂಡಿರುವುದೇ ಕೆಲವರ ತೊಂದರೆಯಾಗಿರುತ್ತದೆ. ಅದನ್ನು ತೆಗೆಸಿದರೆ ಸಮಸ್ಯೆ ಅಲ್ಲಿಗೇ ಮುಗಿಯಬಹುದು. ಕಡ್ಡಿ, ಹೇರ್‌ಪಿನ್ ಹಾಕಿ ಕೆದಕುವುದು, ಕಾಯಿಸಿದ ಎಣ್ಣೆ ಬಿಡುವುದು ಅಪಾಯಕಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯಂತೆ ಕಿವಿ, ಮೂಗು, ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಈ ಪರೀಕ್ಷೆಯ ಸೌಲಭ್ಯವಿದೆ.

ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಕಿವಿ ಕೇಳಿಸದಂತಾದರೆ, ಅದರಲ್ಲಿಯೂ ಒಂದೇ ಕಿವಿಯಲ್ಲಿ ಹಾಗಾದರೆ, ವಯಸ್ಸಿನ ಕಾರಣವೆಂದು ಸುಮ್ಮನಿರಬಾರದು. ಇದು ತುರ್ತು ಸ್ಥಿತಿ. ಚಿಕಿತ್ಸೆ ತಡವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಕುಗ್ಗುವುದರಿಂದ ಅದೇ ದಿನ ತಜ್ಞರನ್ನು ಕಾಣುವುದು ಅಗತ್ಯ. ಕಿವಿ ಸೋರುವಿಕೆ, ನೋವು ಅಥವಾ ತಲೆಸುತ್ತು ಇದ್ದಲ್ಲಿಯೂ ವಿಳಂಬ ಮಾಡಬಾರದು.

ಮನೆಯಲ್ಲಿಯೇ ಮಾಡಬಹುದಾದ ಅನುಕೂಲಗಳು

ಹಿರಿಯರ ಕುರ್ಚಿಯನ್ನು ಟಿ.ವಿ.ಯಿಂದ ಆರೇಳು ಅಡಿಯೊಳಗೆ, ನೇರ ಎದುರಿಗೆ ಹಾಕುವುದು ಮೊದಲ ಕೆಲಸ. ಗೌರವಕ್ಕಾಗಿ ಅವರಿಗೆ ಹಿಂಬದಿಯ ಸೋಫಾವನ್ನೋ ಗೋಡೆಯ ಪಕ್ಕದ ಮಂಚವನ್ನೋ ಬಿಟ್ಟುಕೊಟ್ಟು, ಮಕ್ಕಳು ಮುಂದೆ ನೆಲದ ಮೇಲೆ ಕೂರುವ ರೂಢಿ ಅನೇಕ ಮನೆಗಳಲ್ಲಿದೆ. ಕೇಳಿಸುವ ದೃಷ್ಟಿಯಿಂದ ಇದು ತದ್ವಿರುದ್ಧ ವ್ಯವಸ್ಥೆ. ಒಂದು ಕಿವಿ ಇನ್ನೊಂದಕ್ಕಿಂತ ಚೆನ್ನಾಗಿದ್ದಲ್ಲಿ ಆ ಕಿವಿ ಟಿ.ವಿ.ಯ ಕಡೆಗಿರುವಂತೆ ಕುರ್ಚಿಯನ್ನು ತಿರುಗಿಸಬಹುದು.

ತೆಳುವಾದ ಹೊಸ ಟಿ.ವಿ.ಗಳಲ್ಲಿ ಸ್ಪೀಕರ್‌ಗಳು ಹೆಚ್ಚಾಗಿ ಕೆಳಮುಖವಾಗಿ ಅಥವಾ ಹಿಂಬದಿಗೆ ಇರುತ್ತವೆ. ಧ್ವನಿ ಮೊದಲು ಗೋಡೆಗೆ ಬಡಿದು ನಂತರ ಕಿವಿಗೆ ಬರುತ್ತದೆ. ಹಳೆಯ ಡಬ್ಬಿಯಾಕಾರದ ಟಿ.ವಿ.ಯಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.

ನಂತರ ಟಿ.ವಿ.ಯ ಧ್ವನಿ ಹೊಂದಾಣಿಕೆಯ ಪಟ್ಟಿಯನ್ನು ತೆರೆದು ನೋಡಬೇಕು. ‘ಸರೌಂಡ್’, ‘ಸಿನಿಮಾ’ ಎಂಬ ಆಯ್ಕೆಗಳಿದ್ದಲ್ಲಿ ತೆಗೆದುಹಾಕಿ, ‘ಸ್ಪೀಚ್’, ‘ನ್ಯೂಸ್’ ಅಥವಾ ‘ಕ್ಲಿಯರ್ ವಾಯ್ಸ್’ ಎಂಬ ಆಯ್ಕೆಯನ್ನು ಹಾಕಬೇಕು. ‘ಬಾಸ್’ ಇಳಿಸಿ ‘ಟ್ರೆಬಲ್’ ಏರಿಸಿದರೆ ವ್ಯಂಜನಗಳಿಗೆ ಸ್ವಲ್ಪ ಬಲ ಬರುತ್ತದೆ. ಇದಕ್ಕೆ ಐದು ನಿಮಿಷವೂ ಬೇಡ. ಹೊಂದಾಣಿಕೆ ಮಾಡುವವರು ತಮ್ಮ ಕಿವಿಗೆ ಹಿತವಾದುದನ್ನು ಬಿಟ್ಟು, ಹಿರಿಯರನ್ನೇ ಎದುರಿಗೆ ಕೂರಿಸಿಕೊಂಡು, ವಾರ್ತೆ ಓದುವವರ ಮಾತು ಯಾವಾಗ ಸ್ಪಷ್ಟವಾಯಿತೆಂದು ಕೇಳಿ ತಿಳಿಯಬೇಕು.

ಕೋಣೆಯಲ್ಲಿನ ಇತರ ಸದ್ದುಗಳನ್ನು ತಗ್ಗಿಸುವುದು ಅಷ್ಟೇ ಮುಖ್ಯ. ಪೂರ್ಣ ವೇಗದಲ್ಲಿ ತಿರುಗುವ ಫ್ಯಾನ್, ಅಡುಗೆಮನೆಯ ಮಿಕ್ಸಿ, ಕುಕ್ಕರಿನ ಕೂಗು, ಪಕ್ಕದಲ್ಲಿ ಕುಳಿತವರ ಮೊಬೈಲಿನ ವಿಡಿಯೋ ಇವೆಲ್ಲವನ್ನು ಸರಿಯಾದ ಕಿವಿ ತಾನೇ ಬದಿಗೆ ಸರಿಸಿಕೊಳ್ಳುತ್ತದೆ. ಮಂದವಾದ ಕಿವಿಗೆ ಆ ಶಕ್ತಿ ಇರುವುದಿಲ್ಲ. ಅಡುಗೆಮನೆಯ ಬಾಗಿಲು ಮುಚ್ಚಬಹುದು. ಟೈಲ್ಸ್ ಹಾಕಿದ ಬರಿಯ ನೆಲ ಮತ್ತು ಖಾಲಿ ಗೋಡೆಗಳು ಪ್ರತಿಧ್ವನಿ ಹೆಚ್ಚಿಸುವುದರಿಂದ, ಜಮಖಾನ ಹಾಸಿ ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟರೆ ವ್ಯತ್ಯಾಸ ಕಂಡುಬರುತ್ತದೆ.

ಕಾರ್ಯಕ್ರಮದ ಆಯ್ಕೆಯೂ ಒಂದು ನೆರವೇ. ಕಿವಿ ಮಂದವಾದವರು ತಮಗರಿವಿಲ್ಲದೆಯೇ ತುಟಿಯ ಚಲನೆಯನ್ನು ಓದುತ್ತಿರುತ್ತಾರೆ. ವಾರ್ತೆ ಓದುವವರು ನೇರವಾಗಿ ಕ್ಯಾಮೆರಾ ನೋಡುತ್ತ ಒಬ್ಬೊಬ್ಬರಾಗಿ ಮಾತನಾಡುವುದರಿಂದ ಅದು ಸುಲಭ. ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಆದ ಪೌರಾಣಿಕ ಧಾರಾವಾಹಿಗಳಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇಲ್ಲದ ಕಾರಣ ಕಷ್ಟ ಹೆಚ್ಚು. ಕಥೆ ಮೊದಲೇ ಗೊತ್ತಿರುವುದೊಂದೇ ಅಲ್ಲಿ ಅನುಕೂಲ. ನಾಲ್ವರು ಏಕಕಾಲಕ್ಕೆ ಕೂಗಾಡುವ ಚರ್ಚಾ ಕಾರ್ಯಕ್ರಮವಂತೂ ಕಿವಿ ಚೆನ್ನಾಗಿರುವವರಿಗೂ ತಿಳಿಯುವಂಥದ್ದಲ್ಲ.

ಹಿರಿಯರು ‘ಈಗ ಏನಂದರು?’ ಎಂದು ಕೇಳಿದಾಗ ‘ಬಿಡಿ, ಆಮೇಲೆ ಹೇಳುತ್ತೇನೆ’ ಎಂಬ ಉತ್ತರ ದೊರೆಯುವುದು ಸಾಮಾನ್ಯ. ಆ ‘ಆಮೇಲೆ’ ಬಹಳ ಸಲ ಬರುವುದೇ ಇಲ್ಲ. ನಾಲ್ಕಾರು ಬಾರಿ ಹೀಗಾದ ಮೇಲೆ ಅವರು ಕೇಳುವುದನ್ನೇ ನಿಲ್ಲಿಸುತ್ತಾರೆ. ಕಾರ್ಯಕ್ರಮ ಆರಂಭವಾಗುವ ಮುನ್ನ ಹಿಂದಿನ ಕಂತಿನ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಅವರಿಗೆ ಊಹಿಸಲು ಆಧಾರ ಸಿಗುತ್ತದೆ. ಜಾಹೀರಾತಿನ ವೇಳೆ ಧ್ವನಿ ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಮತ್ತು ಸಹಜ ದನಿಯಲ್ಲಿ ಮುಖ್ಯ ಸಂಗತಿಯನ್ನು ತಿಳಿಸಬಹುದು. ಹೇಳಿದ ವಾಕ್ಯ ತಿಳಿಯದಿದ್ದರೆ ಅದನ್ನೇ ಇನ್ನಷ್ಟು ಜೋರಾಗಿ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳುವುದು ಫಲಕಾರಿ.

ಧ್ವನಿಯನ್ನು ಕಿವಿಯ ಬಳಿಗೆ ತರುವ ಉಪಕರಣಗಳು

ಶ್ರವಣ ಸಾಧನ ಬಳಸದವರಿಗೆ ಹೆಡ್‌ಫೋನ್ ಸುಲಭದ ಮಾರ್ಗ. ಉದ್ದನೆಯ ವೈರಿನ ಸಾಧಾರಣ ಹೆಡ್‌ಫೋನ್ ಕೂಡ ಸಾಕಾಗುತ್ತದೆ. ಆದರೆ ವೈರು ನಡೆದಾಡುವ ದಾರಿಗೆ ಅಡ್ಡಲಾಗಿ ಬಿದ್ದಿರದಂತೆ ನೋಡಿಕೊಳ್ಳಬೇಕು, ಎಡವಿ ಬಿದ್ದರೆ ಹಿರಿಯರಿಗೆ ಅಪಾಯ. ವೈರಿಲ್ಲದ ಹೆಡ್‌ಫೋನ್‌ಗಳಲ್ಲಿ ಟಿ.ವಿ.ಗೆಂದೇ ತಯಾರಾದವುಗಳ ಜೊತೆಗೆ ಒಂದು ಪ್ರೇಷಕ ಪೆಟ್ಟಿಗೆ ಬರುತ್ತದೆ. ಬ್ಲೂಟೂತ್ ಬಳಸುವ ಕೆಲವು ಹೆಡ್‌ಫೋನ್‌ಗಳಲ್ಲಿ ಧ್ವನಿಯು ಚಿತ್ರಕ್ಕಿಂತ ತುಸು ತಡವಾಗಿ ಬರುತ್ತದೆ. ತುಟಿಯ ಚಲನೆಯನ್ನು ಅವಲಂಬಿಸಿದವರಿಗೆ ಇದರಿಂದ ಗೊಂದಲವಾಗುವ ಕಾರಣ, ಕೊಳ್ಳುವ ಮೊದಲು ಹಾಕಿ ನೋಡುವುದು ಒಳ್ಳೆಯದು.

ಹೆಡ್‌ಫೋನ್ ಜೋಡಿಸಿದ ಕೂಡಲೇ ಅನೇಕ ಟಿ.ವಿ.ಗಳ ಸ್ಪೀಕರ್ ಸ್ತಬ್ಧವಾಗುತ್ತದೆ. ಆಗ ಹಿರಿಯರಿಗೆ ಕೇಳಿಸುತ್ತದೆ, ಉಳಿದವರಿಗೆ ಇಲ್ಲ. ಎರಡರಲ್ಲೂ ಧ್ವನಿ ಬರುವಂತೆ ಮಾಡುವ ಆಯ್ಕೆಯು ಕೆಲವು ಟಿ.ವಿ.ಗಳ ಪಟ್ಟಿಯಲ್ಲಿಯೇ ಇರುತ್ತದೆ. ಇಲ್ಲದಿದ್ದಲ್ಲಿ ಪ್ರೇಷಕ ಪೆಟ್ಟಿಗೆಯನ್ನು ಟಿ.ವಿ.ಯ ‘ಆಡಿಯೋ ಔಟ್’ ಅಥವಾ ‘ಆಪ್ಟಿಕಲ್’ ರಂಧ್ರಕ್ಕೆ ಜೋಡಿಸಬಹುದು. ಅಂಗಡಿಗೆ ಹೋಗುವಾಗ ಟಿ.ವಿ.ಯ ಹಿಂಬದಿಯ ಫೋಟೋ ತೆಗೆದುಕೊಂಡು ಹೋದರೆ ಯಾವ ರಂಧ್ರಗಳಿವೆಯೆಂದು ವಿವರಿಸುವ ಶ್ರಮ ತಪ್ಪುತ್ತದೆ.

ಹೆಡ್‌ಫೋನ್ ಧರಿಸಲು ಇಷ್ಟಪಡದವರಿಗೆ ಸಣ್ಣ ಸ್ಪೀಕರೊಂದನ್ನು ಕುರ್ಚಿಯ ಪಕ್ಕದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟುಕೊಡಬಹುದು. ಯಾವುದನ್ನೇ ಬಳಸಿದರೂ ಅತಿಯಾದ ಧ್ವನಿಯಿಂದ ಉಳಿದಿರುವ ಶ್ರವಣಶಕ್ತಿಯೂ ಹಾಳಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸೂಚಿಸಿರುವ ಮಿತಿ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್.

ಜಾಹೀರಾತು ನೋಡಿ ಅಥವಾ ಅಂತರ್ಜಾಲದಲ್ಲಿ, ಯಾವ ಪರೀಕ್ಷೆಯೂ ಇಲ್ಲದೆ ಕೊಳ್ಳುವ ಅಗ್ಗದ ‘ಕಿವಿ ಯಂತ್ರ’ಗಳ ಬಗ್ಗೆ ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಬಹುಪಾಲು ಎಲ್ಲ ಶಬ್ದಗಳನ್ನೂ ಸಮನಾಗಿ ಹಿಗ್ಗಿಸುತ್ತವೆ. ಮೇಲೆ ವಿವರಿಸಿದ ಕಾರಣದಿಂದ ಹಿರಿಯರಿಗೆ ಬೇಕಿರುವುದು ಅದಲ್ಲ.

ಅಕ್ಷರ ರೂಪದ ನೆರವು

ಓದುಬಲ್ಲ ಹಿರಿಯರಿಗೆ ಪರದೆಯ ಕೆಳಗೆ ಮಾತು ಅಕ್ಷರದಲ್ಲಿ ಬರುವುದು ಬಹು ಉಪಯುಕ್ತ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೇ ಪ್ರಕರಣವು ವಿದ್ಯುನ್ಮಾನ ಮಾಧ್ಯಮವು ಶೀರ್ಷಿಕೆ ಹಾಗೂ ಸಂಜ್ಞಾ ಭಾಷೆಯ ಮೂಲಕ ಸುಗಮವಾಗಿರಬೇಕೆಂದು ಹೇಳುತ್ತದೆ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2019ರ ಸೆಪ್ಟೆಂಬರ್‌ನಲ್ಲಿ ಟಿ.ವಿ. ಕಾರ್ಯಕ್ರಮಗಳಿಗೆ ಇದಕ್ಕೆ ಸಂಬಂಧಿಸಿದ ಮಾನದಂಡಗಳನ್ನು ಹೊರಡಿಸಿತು. ಹಾಗಿದ್ದರೂ ಕನ್ನಡ ವಾಹಿನಿಗಳ ದಿನನಿತ್ಯದ ಧಾರಾವಾಹಿಗಳಲ್ಲಿ ಕನ್ನಡ ಶೀರ್ಷಿಕೆ ಅಪರೂಪ. ರಿಮೋಟಿನಲ್ಲಿ ಶೀರ್ಷಿಕೆಯ ಗುಂಡಿ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ವಾಹಿನಿಯು ಅದನ್ನು ಕಳುಹಿಸುತ್ತಿರಬೇಕು. ಅಂತರ್ಜಾಲದ ಮೂಲಕ ನೋಡುವ ಚಲನಚಿತ್ರಗಳಲ್ಲಿ ಶೀರ್ಷಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ಇಂಗ್ಲಿಷ್ ಬಲ್ಲ ಹಿರಿಯರಿಗೆ ಅದೂ ಸಹಾಯಕ.

ಮಾತನ್ನು ಆಲಿಸಿ ಬರಹವಾಗಿ ತೋರಿಸುವ ಉಚಿತ ತಂತ್ರಾಂಶಗಳು ಸ್ಮಾರ್ಟ್‌ಫೋನ್‌ಗಳಲ್ಲಿ ದೊರೆಯುತ್ತವೆ. ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ನಲ್ಲಿ ಕನ್ನಡವೂ ಇದೆ. ಫೋನನ್ನು ಸ್ಪೀಕರಿನ ಬಳಿ ಇಟ್ಟರೆ ವಾರ್ತೆಯ ಮಟ್ಟಿಗೆ ಉಪಯೋಗವಾಗುತ್ತದೆ. ಸಂಗೀತ ಬೆರೆತ ಧಾರಾವಾಹಿಯಲ್ಲಿ ತಪ್ಪುಗಳು ಹೆಚ್ಚು.

ಶ್ರವಣ ಸಾಧನ ಬಳಸುವವರಿಗೆ

ಶ್ರವಣ ಸಾಧನ ದೊರೆತ ನಂತರ ಅದು ಪೆಟ್ಟಿಗೆಯಲ್ಲಿಯೇ ಉಳಿದುಬಿಡುವುದು ಎಲ್ಲಕ್ಕಿಂತ ವಿಷಾದದ ಸಂಗತಿ. ಇದು ನಿರ್ಧಾರವಾಗುವುದು ಮೊದಲ ಒಂದೆರಡು ತಿಂಗಳಲ್ಲಿ. ವರ್ಷಗಳಿಂದ ಕೇಳದಿದ್ದ ಪಾತ್ರೆಯ ಸದ್ದು, ಕಾಗದದ ಸರಬರ, ತಮ್ಮದೇ ದನಿ ಎಲ್ಲವೂ ಒಮ್ಮೆಲೇ ಕಿವಿಗೆ ನುಗ್ಗಿದಾಗ ಹಿರಿಯರು ಬೇಸತ್ತು ಸಾಧನ ತೆಗೆದಿಡುತ್ತಾರೆ. ಮೊದಲ ದಿನವೇ ಅದನ್ನು ಹಾಕಿಸಿ ಟಿ.ವಿ. ಮುಂದೆ ಕೂರಿಸುವುದು ಸಲ್ಲದು. ಆರಂಭದಲ್ಲಿ ನಿಶ್ಶಬ್ದವಾದ ಕೋಣೆಯಲ್ಲಿ, ದಿನಕ್ಕೆ ಕೆಲವು ಗಂಟೆ, ಒಬ್ಬರೊಡನೆ ಮಾತನಾಡಲು ಬಳಸಬೇಕು. ಬಳಿಕ ವಾರ್ತೆ, ಧಾರಾವಾಹಿ, ಚಲನಚಿತ್ರ ಕೊನೆಗೆ. ಯಾವ ಶಬ್ದ ಕಿರಿಕಿರಿ ಮಾಡುತ್ತದೆ, ಯಾರ ಮಾತು ತಿಳಿಯುವುದಿಲ್ಲ ಎಂಬುದನ್ನು ಬರೆದಿಟ್ಟುಕೊಂಡು ಶ್ರವಣ ತಜ್ಞರ ಬಳಿಗೆ ಮರಳಿ ಹೋದರೆ ಅವರು ಸಾಧನವನ್ನು ಸರಿಹೊಂದಿಸಿಕೊಡುತ್ತಾರೆ. ಒಂದೇ ಭೇಟಿಯಲ್ಲಿ ಎಲ್ಲವೂ ಸರಿಯಾಗುವುದು ವಿರಳ.

ಕೆಲವು ಸಾಧನಗಳಲ್ಲಿ ‘ಟಿ’ ಎಂಬ ಗುರುತಿನ ಸ್ವಿಚ್ ಅಥವಾ ಕ್ರಮವಿರುತ್ತದೆ. ಟಿ.ವಿ.ಗೆ ಜೋಡಿಸಿದ, ಕೊರಳಿಗೆ ಹಾಕಿಕೊಳ್ಳುವ ತಂತಿಯ ಸುರುಳಿಯಿಂದ ಧ್ವನಿಯನ್ನು ನೇರವಾಗಿ ಪಡೆಯಲು ಇದು ಇರುವುದು. ಈ ಕ್ರಮದಲ್ಲಿ ಕೋಣೆಯ ಗದ್ದಲ ಕೇಳಿಸದೆ ಟಿ.ವಿ.ಯ ಮಾತಷ್ಟೇ ಕೇಳಿಸುತ್ತದೆ. ಹೊಸ ಮಾದರಿಗಳಲ್ಲಿ ಇದೇ ಕೆಲಸವನ್ನು ಬ್ಲೂಟೂತ್ ಮೂಲಕ ಮಾಡುವ ಟಿ.ವಿ. ಜೋಡಣೆಯ ಪೆಟ್ಟಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಅದು ಸಾಮಾನ್ಯವಾಗಿ ಅದೇ ಕಂಪನಿಯದಾಗಿರಬೇಕು.

ಕಿವಿಯ ಹಿಂದೆ ಧರಿಸುವ ಸಾಧನಗಳ ಬಿಲ್ಲೆ ಸೆಲ್‌ಗಳನ್ನು ಅಂಟುಚೀಟಿಯ ಬಣ್ಣದಿಂದ ಗುರುತಿಸಬಹುದು: 10ನೇ ಸಂಖ್ಯೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಚೀಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ನಂತರ ಹಾಕಬೇಕು. ರಾತ್ರಿ ಸೆಲ್ಲಿನ ಬಾಗಿಲು ತೆರೆದಿಡಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ತೇವದಿಂದ ಸಾಧನ ಕೆಡುವುದರಿಂದ, ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಇಡುವುದು ಸೂಕ್ತ. ಸೆಲ್‌ಗಳು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಸರ್ಕಾರದ ಯೋಜನೆಗಳಡಿ ಶ್ರವಣ ಸಾಧನ

ಅರ್ಜಿದಾರರು ಮೊದಲು ತಿಳಿಯಬೇಕಾದ ಒಂದು ವಿಷಯವಿದೆ. 2016ರ ಅಧಿನಿಯಮದಂತೆ ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಲ್ಲಿ 60ರಿಂದ 70 ಡೆಸಿಬಲ್ ಶ್ರವಣ ನಷ್ಟವಿರುವವರು ‘ಮಂದ ಶ್ರವಣ’ದವರು, 70 ಡೆಸಿಬಲ್ ನಷ್ಟವಿರುವವರು ‘ಕಿವುಡರು’. ಟಿ.ವಿ.ಯ ಮಾತು ಹಿಡಿಯಲಾಗದ ತೊಂದರೆ ಇದಕ್ಕಿಂತ ಬಹಳ ಮೊದಲೇ, 40 ಡೆಸಿಬಲ್‌ನ ಆಸುಪಾಸಿನಲ್ಲಿಯೇ ತೀವ್ರವಾಗಿರುತ್ತದೆ. ಆದುದರಿಂದ ನಿಜವಾಗಿ ಕಷ್ಟಪಡುತ್ತಿರುವ ಹಿರಿಯರೊಬ್ಬರಿಗೆ ವಿಕಲಚೇತನ ಪ್ರಮಾಣಪತ್ರ ದೊರೆಯದೆ ಹೋಗಬಹುದು. ಅವರ ತೊಂದರೆ ಸುಳ್ಳೆಂದು ಇದರ ಅರ್ಥವಲ್ಲ, ಅರ್ಜಿ ಹಾಕಬೇಕಾದ ಯೋಜನೆ ಬೇರೆ ಎಂದಷ್ಟೇ ಅರ್ಥ.

60 ವರ್ಷ ತುಂಬಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 2017ರ ಏಪ್ರಿಲ್ 1ರಂದು ಆರಂಭವಾದ ಕೇಂದ್ರ ಸರ್ಕಾರದ ಈ ಯೋಜನೆಯಲ್ಲಿ, ಬಡತನ ರೇಖೆಗಿಂತ ಕೆಳಗಿರುವ ಅಥವಾ ಮಾಸಿಕ ಆದಾಯ ರೂ. 15,000 ಮೀರದ ಹಿರಿಯ ನಾಗರಿಕರಿಗೆ ವಯೋಸಹಜ ನ್ಯೂನತೆಗೆ ಅನುಗುಣವಾಗಿ ಊರುಗೋಲು, ಕನ್ನಡಕ, ಕೃತಕ ದಂತಪಂಕ್ತಿ, ಶ್ರವಣ ಸಾಧನ ಮುಂತಾದವುಗಳನ್ನು ಉಚಿತವಾಗಿ ನೀಡಲಾಗುತ್ತದೆ. ಕಾನ್ಪುರದ ಅಲಿಮ್ಕೋ ಸಂಸ್ಥೆಯು ಇದರ ಅನುಷ್ಠಾನ ಸಂಸ್ಥೆ. ಶಿಬಿರಗಳಲ್ಲಿ ತಪಾಸಣೆ ನಡೆಸಿ, ಸಾಧನಗಳನ್ನು ನಂತರ ವಿತರಿಸಲಾಗುತ್ತದೆ.

ಶೇ. 40 ಅಥವಾ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವಿರುವವರು ಅಡಿಪ್ ಯೋಜನೆಯಡಿ ಅರ್ಜಿ ಸಲ್ಲಿಸಬಹುದು. ಮಾಸಿಕ ಆದಾಯ ರೂ. 22,500ರವರೆಗೆ ಇದ್ದಲ್ಲಿ ಪೂರ್ಣ ವೆಚ್ಚವನ್ನೂ, ರೂ. 30,000ದವರೆಗೆ ಇದ್ದಲ್ಲಿ ಅರ್ಧ ವೆಚ್ಚವನ್ನೂ ಭರಿಸಲಾಗುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ಅದೇ ಉದ್ದೇಶದ ಸಾಧನವನ್ನು ಸರ್ಕಾರದಿಂದ ಪಡೆದಿರಬಾರದು. ಇದಕ್ಕಾಗಿ ಮೊದಲು ಸ್ವಾವಲಂಬನ್ ಜಾಲತಾಣದಲ್ಲಿ ವಿಶಿಷ್ಟ ಗುರುತಿನ ಚೀಟಿಗೆ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಸಲ್ಲಿಸಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು.

ಅರ್ಜಿಯ ಕೆಲಸಕ್ಕೆ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಶಿಬಿರಗಳ ದಿನಾಂಕವನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಆಧಾರ್, ಪಡಿತರ ಚೀಟಿ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ಭಾವಚಿತ್ರ ಮತ್ತು ಈ ಹಿಂದೆ ಮಾಡಿಸಿದ ಶ್ರವಣ ಪರೀಕ್ಷೆಯ ವರದಿ ಇದ್ದಲ್ಲಿ ಅದನ್ನೂ ಜೊತೆಗೆ ತರತಕ್ಕದ್ದು. ಶಿಬಿರದಲ್ಲಿ ಹೆಸರು ಕೂಗಿ ಕರೆಯುವುದರಿಂದ ಹಿರಿಯರೊಬ್ಬರನ್ನೇ ಕಳುಹಿಸದೆ ಮನೆಯವರೊಬ್ಬರು ಜೊತೆಗಿರುವುದು ಒಳಿತು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಅವರ ಪರವಾಗಿ ಕುಟುಂಬದವರೂ ಕರೆ ಮಾಡಬಹುದು.